ಹೆಚ್ಚುವ ಹಲಗೆ, ಹಲಸಿಯ ಅತ್ತೆ

ಅಡಿಗೆಮನೆಯ ವಿಷಯದಲ್ಲಿ ಗಂಡಸರಿಗೆ ಬುದ್ಧಿ ಓಡುವುದಿಲ್ಲ ಎಂದು ಯಾರಾದರೂ ಅಂದರೆ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ಓಡುತ್ತದೆ ಸ್ವಾಮಿ! ಬೆಳಗಾವಿಯಿಂದ ಹೊರಟು ಖಾನಾಪುರದವರೆಗೂ ಓಡಿ ಬರುತ್ತದೆ. ನನ್ನದು ಎರಡು ಸಲ ಓಡಿ ಬಂದಿದೆ. ಅದರ ಫಲವಾಗಿ ನಮ್ಮ ಮನೆಯಲ್ಲಿ ಈಗ ಎರಡು ಹಲಗೆಗಳಿವೆ. ಎರಡೂ ತರಕಾರಿ ಹೆಚ್ಚಲಿಕ್ಕೆಂದೇ ಮಾಡಿಸಿದವು. ಎರಡರ ಮೇಲೂ ಇವತ್ತಿನವರೆಗೆ ಒಂದೇ ಒಂದು ಹಸಿಮೆಣಸಿನಕಾಯಿಯನ್ನೂ ಹೆಚ್ಚಿಲ್ಲ. ಯಾಕೆಂದು ಹೇಳುತ್ತೇನೆ, ಕೇಳಿ. ಕೇಳಿದ ಮೇಲೆ ತಪ್ಪು ಯಾರದೆಂದು ನೀವೇ ತೀರ್ಮಾನಿಸಿ. (ನನ್ನದು ಎನ್ನುವವರು ಈಗಲೇ ಎದ್ದು ಹೋಗಬಹುದು.)

ಹೊಸ ಶತಮಾನ ಆಗಷ್ಟೇ ಕಾಲಿಟ್ಟಿತ್ತು. ನಾವೂ ರಾಮತೀರ್ಥ ನಗರದ ನಮ್ಮ ಹೊಸ ಮನೆಗೆ ಆಗಷ್ಟೇ ಕಾಲಿಟ್ಟಿದ್ದೆವು. ಮನೆಯ ನಕ್ಷೆ ಸಾಕ್ಷಾತ್ ನನ್ನದೇ. ನಾನು ಸರಕಾರಿ ಕಚೇರಿಯಲ್ಲಿ ನಕ್ಷೆ ತೆಗೆಯುವವನು. ಎಷ್ಟೋ ಊರುಗಳ ಗಟಾರಗಳು ನಾನು ಎಳೆದ ಗೆರೆಯ ಮೇಲೇ ಹರಿಯುತ್ತಿವೆ. ಇಂಥ ನಾನು ನನ್ನ ಮನೆಯಲ್ಲಿ ಎಲ್ಲಕ್ಕೂ ಜಾಗ ತೋರಿಸಿದ್ದೆ. ಸ್ಕೂಟರಿಗೆ ಜಾಗ, ಚಪ್ಪಲಿಗೆ ಜಾಗ, ಅಡಿಗೆಮನೆಯಲ್ಲಿ ಆಚೆ ಗೋಡೆಯಿಂದ ಈಚೆ ಗೋಡೆಯವರೆಗೆ ಕರಿಕಲ್ಲಿನ ಕಟ್ಟೆ. ದೇವರಿಗೆ ಮಾತ್ರ ಮರೆತುಹೋಗಿತ್ತು. ಹೀಗಾಗಿ ನಮ್ಮ ಮನೆದೇವರು ಮೈಲಾರಲಿಂಗ, ಅಂಗೈಯಷ್ಟು ಬೆಳ್ಳಿಯ ಮೂರ್ತಿ, ಅಡಿಗೆಮನೆಯ ಗೋಡೆಗೆ ಬಡಿದ ಮೇಲಿನ ಫಳಿಯಲ್ಲಿ ಒಂದು ಸ್ಟೀಲಿನ ಡಬ್ಬಿಯೊಳಗೆ, ಸಾಸಿವೆ ಡಬ್ಬಿಗೂ ಜೀರಿಗೆ ಡಬ್ಬಿಗೂ ನಡುವೆ, ಮುಚ್ಚಳ ಹಾಕಿಕೊಂಡು ಕುಳಿತಿದ್ದ.

ಹಲಸಿಯಿಂದ ಬರುವ ನನ್ನ ಅತ್ತೆ ರೇಣವ್ವ ಪ್ರತಿ ಸಲವೂ ಆ ಡಬ್ಬಿ ನೋಡಿ ಕಣ್ಣೀರು ಹಾಕುತ್ತಿದ್ದರು. "ಅಳ್ಯಾರ, ಊರ ಮಂದೀ ಮನೀ ನಕ್ಷಾ ತಗೀತೀರಿ. ದೇವರಿಗೆ ಕುಂದ್ರಾಕ ಒಂದು ಕಟ್ಟಿಗೀ ಮಣಿ ಮಾಡಸಾಕ ಆಗವಲ್ದೇನ್ರಿ?" ಎನ್ನುತ್ತಿದ್ದರು. "ಮಾಡಸೂಣ್ರಿ ಅತ್ತಿ, ಮಾಡಸೂಣು" ಎಂದು ನಾನೂ ಪ್ರತಿ ಸಲ ಹೇಳುತ್ತಿದ್ದೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ನನ್ನ ಹೆಂಡತಿ ಪ್ರಮಿಳಾ ಆ ಕರಿಕಲ್ಲಿನ ಕಟ್ಟೆಗೆ ಬೆನ್ನು ಮಾಡಿ ನೆಲದ ಮೇಲೆ ಈಳಿಗೆ ಇಟ್ಟುಕೊಂಡು ಹೆಚ್ಚುತ್ತಿದ್ದಳು. ತವರಿನ ಈಳಿಗೆ, ಅದರ ಮುಂದೆ ಕುಳಿತರೇ ಅವಳ ಕೈ ಓಡುವುದು. ಒಂದು ದಿನ ಹೀರೇಕಾಯಿ ಹೆಚ್ಚಿ ಏಳಲು ಹೋದವಳು ಏಳಲೇ ಇಲ್ಲ. "ಅಯ್ಯಯ್ಯೋ, ಮಣಕಾಲ!" ಎಂದು ಕೂಗಿದಳು. ನಾನೂ ಪಕ್ಕದ ಮನೆಯ ಶುಭದಾ ವೈನಿಯೂ ಆ ಕಡೆ ಈ ಕಡೆ ಹಿಡಿದು ಎಬ್ಬಿಸಿದೆವು. ಡಾಕ್ಟರು ಮೊಣಕಾಲು ಒತ್ತಿ ನೋಡಿ, ಇನ್ನು ನೆಲದ ಮೇಲೆ ಕೂಡುವುದು ಪೂರ್ತಿ ಬಂದ್ ಎಂದರು.

"ನೆಲದ ಮ್ಯಾಲ ಕುಂದ್ರಬ್ಯಾಡ ಅಂದ್ರ ಹೆಚ್ಚವರ್ಯಾರು? ಡಾಕ್ಟರು ಬರ್ತಾರೇನು?" ಎಂದಳು ಪ್ರಮಿಳಾ.

"ನಿಂತು ಹೆಚ್ಚು! ಕಟ್ಟಿ ಯಾಕ ಕಟ್ಟಿಸೇನಿ ನಾ?"

ನಿಂತು ಹೆಚ್ಚಿದಳು. ಕಲ್ಲಿನ ಮೇಲೆಯೇ ಹೆಚ್ಚಿದಳು. ಎರಡು ದಿನಕ್ಕೆ ಚಾಕು ಚಮಚದಷ್ಟು ಮೊಂಡಾಯಿತು. ಸ್ಟೀಲಿನ ತಾಟಿನೊಳಗೆ ಹೆಚ್ಚಿದಳು. ಆ ಟಣಟಣ ಕೇಳಿ ಓಣಿಯವರು ನಮ್ಮಲ್ಲಿ ದಿನಾ ಬೆಳಿಗ್ಗೆ ಜಗಳವೆಂದು ತಿಳಿದರು. (ಜಗಳವೂ ಇರುತ್ತಿತ್ತೆನ್ನಿ.) ಕೊನೆಗೆ ಶುಭದಾ ವೈನಿ ತಮ್ಮ ಮನೆಯಿಂದ ಒಂದು ಪ್ಲಾಸ್ಟಿಕ್ ಹಲಗೆ ತಂದು, "ಇದರ ಮ್ಯಾಲ ಹೆಚ್ಚಿ ನೋಡ್ರಿ ಪ್ರಮಿಳಾತಾಯಿ, ಭಾಳ ಸೋಪಾ, ಸಲೀಸು ಆಗತೈತಿ" ಎಂದರು.

ಪ್ಲಾಸ್ಟಿಕ್! ಅದನ್ನು ಕಂಡೊಡನೆ ನನ್ನೊಳಗೆ ಮಲಗಿದ್ದ ಮಹಾಪುರುಷ ಎದ್ದು ಕುಳಿತ.

"ವೈನಿ, ಸಿಟ್ಟಾಗಬ್ಯಾಡ್ರಿ. ಈ ಪ್ಲಾಸ್ಟಿಕ್ ಚೂರು ಚೂರಾಗಿ ಪಲ್ಯಾದೊಳಗ ಬಂದು, ಪಲ್ಯಾದಿಂದ ನಮ್ಮ ಹೊಟ್ಟಿಗೆ ಹೋಗತೈತಿ. ಬಾಜುಕ ಖಾನಾಪುರದ ಅಡವಿ ಇಟಗೊಂಡು ಪ್ಲಾಸ್ಟಿಕ್ ಮ್ಯಾಲ ಹೆಚ್ಚೂದಂದ್ರ ನಾಚಿಕಿಗೇಡು. ನನ್ನ ಮನಿಯೊಳಗ ಪ್ಲಾಸ್ಟಿಕ್ ಹಲಗಿ ಬರಾಂಗಿಲ್ಲ. ಕಟ್ಟಿಗೀದು ಬರತೈತಿ. ನಾ ತರತೇನಿ!"

ವೈನಿ ಪಾಪ ತಮ್ಮ ಹಲಗೆ ಎತ್ತಿಕೊಂಡು ಹೋದರು. ಪ್ರಮಿಳಾ ನನ್ನ ಮುಖವನ್ನೇ ನೋಡಿದಳು. "ಮಾತು ಮುಗೀತೇನ್ರಿ? ಮುಗದಿದ್ರ ಈ ಬೆಂಡಿಕಾಯಿ ಒರಿಸಿಕೊಡ್ರಿ."

ಆ ದಿನವೇ ಕಚೇರಿಯಲ್ಲಿ ಕುಳಿತು ನಕ್ಷೆ ತೆಗೆದೆ. ಮುಂಭಾಗದ ನೋಟ, ಪಾರ್ಶ್ವನೋಟ, ಮೇಲಿನಿಂದ ನೋಟ. ಹಲಗೆಯಾದ್ದರಿಂದ ಮೂರೂ ಕಡೆಯಿಂದ ಹಲಗೆಯಂತೆಯೇ ಕಂಡಿತು, ಆದರೂ ನೋಡಿ ನನಗೇ ರೋಮಾಂಚನವಾಯಿತು. ರವಿವಾರ ಬರುವುದನ್ನೇ ಕಾಯ್ದು ಖಾನಾಪುರದ ಬಸ್ಸು ಹತ್ತಿದೆ.

ಸ್ಟೇಶನ್ ರೋಡಿನಲ್ಲಿ ಮಾರ್ತಾಂಡ ಎಂಬ ಬಡಿಗನ ಅಂಗಡಿ. ಖಾನಾಪುರ ತಾಲೂಕಿನಲ್ಲಿ ಬಾಗಿಲು ಅಂತ ಏನಾದರೂ ತೆರೆದರೆ ಅದು ತನ್ನ ಕೈಯದೇ ಎಂದು ಹೇಳಿಕೊಳ್ಳುವ ಆಸಾಮಿ. ನನ್ನ ನಕ್ಷೆಯನ್ನು ನೆಟ್ಟಗೆ ಹಿಡಿದು ನೋಡಿದ, ತಿರುವಿ ಹಿಡಿದು ನೋಡಿದ.

"ಸಾಹೇಬ್ರ, ಇದು ಏನ್ರಿ? ಗುಡಿ ಕಟ್ಟಸಾಕತ್ತೀರೇನು?"

"ಹಲಗಿಪಾ, ಹಲಗಿ. ಕಾಯಿಪಲ್ಯ ಹೆಚ್ಚಾಕ."

"ಹಲಗಿಗೆ ನಕ್ಷಾ!" ಎಂದು ಎರಡೂ ಕೈ ಮುಗಿದ. "ತುಮಚಂ ಡೋಕಂ, ನಿಮ್ಮ ತಲಿ ಭಾರಿ ಐತ್ರಿ ಸಾಹೇಬ್ರ. ಹಲಸಿನ ಕಟ್ಟಿಗಿ ಐತಿ, ಹೊನ್ನಿನಂಥಾ ಬಣ್ಣ. ಬರೂ ಶನಿವಾರ ಬರ್ರಿ. ಹಲಗಿ ನೋಡಿ ನೀವ ಅದಕ್ಕ ಶರಣು ಮಾಡತೀರಿ."

ಶನಿವಾರ ಹೋಗಿ ನೋಡಿದೆ. ಏನು ಹಲಗೆ ಅಂತೀರಿ! ಕಂದು ಅಲ್ಲ, ಹಳದಿ ಅಲ್ಲ. ಆಗಷ್ಟೇ ಕಾಸಿದ ತುಪ್ಪದ ಬಣ್ಣ. ಕೈಯಾಡಿಸಿದರೆ ಜಾರುವಂಥ ನುಣುಪು. ಆದರೆ ನಾಲ್ಕು ಮೂಲೆಗೆ ನಾಲ್ಕು ಪುಟ್ಟ ಕಮಲಗಳು ಅರಳಿ ಕುಳಿತಿದ್ದವು. ನನ್ನ ನಕ್ಷೆಯಲ್ಲಿ ಕಮಲ ಇರಲಿಲ್ಲ.

"ಇವು ಯಾಕಪಾ?"

"ಫುಕಟ್ ರೀ! ಬರೇ ಹಲಗಿ ಕೊಟ್ರ ಮಾರ್ತಾಂಡನ ಹೆಸರು ಕೆಡತೈತಿ. ನೋಡಿದವರು ಏನಂದಾರು?"

ನಾನೂ ಮನುಷ್ಯ. ಪುಕ್ಕಟೆ ಬಂದ ಕಮಲವನ್ನು ಬೇಡವೆನ್ನಲು ಬಾಯಿ ಬರಲಿಲ್ಲ. ಹಲಗೆಯನ್ನು ಪ್ರಮಿಳಾಳ ಹಳೆಯ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಬಾಜೂಕೆ ಕುಳಿತಿದ್ದ ಮುದುಕಿ ಸೀರೆಯ ಅಂಚು ಸರಿಸಿ ಒಂದು ಕಮಲ ನೋಡಿದಳು.

"ಯಾವ ದೇವರದಪಾ?"

"ದೇವರದಲ್ಲಬೇ. ಅಡಿಗಿಮನೀದು."

"ಅಡಿಗಿಮನ್ಯಾಗೂ ಅನ್ನಪೂರ್ಣವ್ವ ಅದಾಳ ಬಿಡು" ಎಂದು ಮುದುಕಿ ಹಲಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಗ ನಾನು ನಕ್ಕೆ. ಎಂಥ ಹುಂಬ ನಾನು, ನಕ್ಕುಬಿಟ್ಟೆ.

ಮನೆಗೆ ತಂದ ಮೇಲೆ ಶುರುವಾಯಿತು ನೋಡಿ ಅಸಲೀ ಕೆಲಸ. ಕಟ್ಟಿಗೆಯ ಹಲಗೆ ಅಂದರೆ ಸ್ಟೀಲಿನ ತಾಟಲ್ಲ, ತೊಳೆದು ಬೋರಲು ಹಾಕಿಬಿಡಲಿಕ್ಕೆ. ಅದನ್ನು ನೀರಿನಲ್ಲಿ ನೆನೆ ಹಾಕಬಾರದು, ಬಿರಿಯುತ್ತದೆ. ಒಲೆಯ ಹತ್ತಿರ ಇಡಬಾರದು, ಒಡೆಯುತ್ತದೆ. ಮಲಗಿಸಬಾರದು, ಒಂದೇ ಕಡೆ ತೇವ ಉಳಿದು ಸೊಟ್ಟಗಾಗುತ್ತದೆ. ಒರೆಸಿ ಗೋಡೆಗೆ ಆನಿಸಿ ನಿಲ್ಲಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ಚಾಕು ತಾಗುವ ಮುಂಚೆ ಅದು ಹೊಟ್ಟೆ ತುಂಬ ಎಣ್ಣೆ ಕುಡಿಯಬೇಕು. ಇದನ್ನೆಲ್ಲ ನಾನು ಒಂದು ವಾರಪತ್ರಿಕೆಯಲ್ಲಿ ಓದಿ ಬಾಯಿಪಾಠ ಮಾಡಿದ್ದೆ. ಕಟ್ಟೆಯ ಮೂಡಣ ಮೂಲೆ, ಒಲೆಯಿಂದ ದೂರ, ಗಾಳಿ ಬೆಳಕು ಎರಡೂ ಇದ್ದ ಜಾಗ. ದೇವರ ಡಬ್ಬಿಯ ಸರಿಯಾಗಿ ಕೆಳಗೆ ಹಲಗೆಯನ್ನು ನಿಲ್ಲಿಸಿದೆ.

ಎಣ್ಣೆ ಹಚ್ಚುವಾಗ ಕೈ ಕೊಳೆಯಾಗಿರಬಾರದಲ್ಲ, ಅದಕ್ಕೆ ಸ್ನಾನ ಮಾಡಿಯೇ ಹಚ್ಚುತ್ತಿದ್ದೆ. ಪುರಸೊತ್ತು ಇರುವುದು ಶನಿವಾರ, ಅದಕ್ಕೆ ಶನಿವಾರವೇ ಹಚ್ಚುತ್ತಿದ್ದೆ. ಒದ್ದೆ ಟವೆಲು ಸುತ್ತಿಕೊಂಡು, ಬರಿಮೈಯಲ್ಲಿ, ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ಸುರಿದುಕೊಂಡು ಕಮಲಗಳ ಎಸಳೆಸಳಿಗೂ ತಿಕ್ಕುತ್ತಿದ್ದೆ.

"ನನ್ನ ತಲಿಗೆ ಹಚ್ಚಾಕ ಹನಿ ಎಣ್ಣಿ ಉಳದಿಲ್ಲ, ನಿಮ್ಮ ಹಲಗಿಗೆ ಅಭ್ಯಂಗ ನಡದೈತಿ!" ಎಂದು ಪ್ರಮಿಳಾ ಬಾಟಲಿ ಅಲ್ಲಾಡಿಸಿ ತೋರಿಸಿದಳು. "ಇವತ್ತರೆ ಹೆಚ್ಚಲೇನ್ರಿ ಇದರ ಮ್ಯಾಲ?"

"ಬ್ಯಾಡ! ಇನ್ನೂ ಕುಡ್ಯಾಕತ್ತೈತಿ. ಒದ್ದೀ ಕೈಲೆ ಮುಟ್ಟಬ್ಯಾಡ. ಸರದ ನಿಲ್ಲು."

"ಹಲಗಿ ಮಾಡಿಸಿದ್ದು ನನ್ನ ಮಣಕಾಲ ಸಲುವಾಗಿ ಅಂತ ತಿಳದಿದ್ದೆ. ಈಗ ನೋಡಿದ್ರ ನಾನು ಹಲಗಿ ಸಲುವಾಗಿ ಮಡಿ ಮಾಡಬೇಕಾಗೇತಿ. ಅಲ್ಲೀತನಾ ನಾ ಹೆಂಗ ಹೆಚ್ಚಲಿ?"

ಇದೇ ಮಾತನ್ನು ಅವಳು ಶುಭದಾ ವೈನಿಯ ಮುಂದೆಯೂ ಎತ್ತಿದಳು. ಗಂಡಸಾದವನಿಗೆ ಪಕ್ಕದ ಮನೆಯವರ ಮುಂದೆ ಮಾನವೆಂಬುದು ಇರುತ್ತದೋ ಇಲ್ಲವೋ? ಎದೆ ಸೆಟೆಸಿ ಹೇಳಿಯೇ ಬಿಟ್ಟೆ: "ಕೇಳ್ರಿ ವೈನಿ. ಈ ರವಿವಾರ ಹಲಗಿ ಉದ್ಘಾಟನಾ. ಅದರ ಮ್ಯಾಲ ಉಳ್ಳಾಗಡ್ಡಿ ಹೆಚ್ಚಿ ಭಜಿ ಮಾಡತೇವಿ, ನೀವೂ ಬರಬೇಕು. ಅವತ್ತ ಏನರೆ ಹಲಗಿ ಮ್ಯಾಲ ಉಳ್ಳಾಗಡ್ಡಿ ಹೆಚ್ಚದಿದ್ರ, ಮುಂದ ದಿನಾ ಈಳಿಗಿ ಮುಂದ ನಾನ ಕುಂದ್ರತೇನಿ!"

"ಖರೇನ?" ಎಂದರು ವೈನಿ.

"ಖರೇ! ಕಲ್ಮೇಶ ಮಾತಾಡಿದ್ರ ಮುಗೀತು!"

ಪ್ರಮಿಳಾ ವೈನಿಯತ್ತ ತಿರುಗಿದಳು. "ವೈನಿ, ನೀವು ಕೇಳಿರಿ ಹೌದಲ್ರಿ?" ಎಂದಷ್ಟೇ ಅಂದಳು.

ಅದರ ನಡುವೆ, ಶುಕ್ರವಾರ ಸಂಜೆ, ಮಗಳ ಮೊಣಕಾಲಿನ ಸುದ್ದಿ ಕೇಳಿ ಹಲಸಿಯಿಂದ ಅತ್ತೆ ಬಂದಿಳಿದರು. ಮರುದಿನ ಶನಿವಾರ. ನಾನು ಸ್ನಾನ ಮುಗಿಸಿ, ಟವೆಲು ಸುತ್ತಿಕೊಂಡು ಕೊನೆಯ ಅಭ್ಯಂಗ ನಡೆಸಿದ್ದೆ. ನಾಳೆಯ ಸಂಭ್ರಮಕ್ಕೆ ನನ್ನ ಬಾಯಲ್ಲಿ ತಾನಾಗಿಯೇ ಏನೋ ಗುಣುಗುಣು ಬರುತ್ತಿತ್ತು. ಹಿಂದೆ ತಿರುಗಿದರೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಹಲಗೆ ನೋಡಿದರು, ಕಮಲ ನೋಡಿದರು, ಮೇಲಿನ ಡಬ್ಬಿ ನೋಡಿದರು, ಎಣ್ಣೆ ಸುರಿಯುತ್ತಿದ್ದ ನನ್ನ ಕೈ ನೋಡಿದರು.

"ಅಳ್ಯಾರ, ಇದು ಹಲಸಿನ ಕಟ್ಟಿಗಿ ಹೌದಲ್ರಿ?"

"ಹೌದ್ರಿ ಅತ್ತಿ. ಖಾನಾಪುರಕ್ಕ ಹೋಗಿ ಮಾಡಿಸೇನಿ."

"ಯಾವಾಗ್ರಿ ಮುಹೂರ್ತ?"

"ನಾಳೆ ರವಿವಾರ!" ಎಂದೆ ಹೆಮ್ಮೆಯಿಂದ. ಉದ್ಘಾಟನೆಯ ಸುದ್ದಿ ಇವರಿಗೂ ಮುಟ್ಟಿತಲ್ಲ ಎಂದು ಖುಷಿಯೇ ಖುಷಿ. "ಆದ್ರ ಅಲ್ಲೀತನಾ ಯಾರೂ ಮುಟ್ಟಾಂಗಿಲ್ಲರಿ."

ಅತ್ತೆಯ ಕಣ್ಣು ತುಂಬಿ ಬಂದವು. ಸೆರಗಿನಿಂದ ಒರೆಸಿಕೊಂಡು ಒಳಗೆ ಹೋದರು. ಒಂದು ಹಲಗೆಗೆ ಇಷ್ಟು ಮರುಗುವ ಅತ್ತೆಯನ್ನು ಪಡೆದ ನಾನೇ ಧನ್ಯ ಎಂದುಕೊಂಡೆ.

ರವಿವಾರ ಬೆಳಿಗ್ಗೆ ಪೇಟೆಗೆ ಹೋದೆ. ಭಜಿಗೆಂದು ಒಳ್ಳೆ ಕೆಂಪು ಉಳ್ಳಾಗಡ್ಡಿ ಆರಿಸಿದೆ, ಹೊಸ ಚಾಕು ಕೊಂಡೆ. ಅಂಗಡಿಯವನಿಗೂ ನನ್ನ ಹಲಗೆಯ ಕತೆ ಹೇಳಿದೆ. (ಅವನು ಕೇಳಿರಲಿಲ್ಲ.) ಒಂದು ಕೈಯಲ್ಲಿ ಉಳ್ಳಾಗಡ್ಡಿ ಚೀಲ, ಇನ್ನೊಂದು ಕೈಯಲ್ಲಿ ಚಾಕು ಹಿಡಿದು, ಯುದ್ಧ ಗೆದ್ದವನಂತೆ ಮನೆಯ ಗೇಟು ತೆಗೆದರೆ ಒಳಗಿನಿಂದ ಕರ್ಪೂರದ ವಾಸನೆ. ಗಂಟೆಯ ಸದ್ದು. ಶುಭದಾ ವೈನಿಯ ಆರತಿ ಹಾಡು.

ಓಡಿದೆ. ಅಡಿಗೆಮನೆಯ ಬಾಗಿಲಲ್ಲೇ ನಿಂತೆ.

ಕಟ್ಟೆಯ ಮೂಡಣ ಮೂಲೆಯಲ್ಲಿ ನನ್ನ ಹಲಗೆ ಅಂಗಾತ ಮಲಗಿತ್ತು. ಅದರ ತುಂಬ ಭಂಡಾರ, ಅರಿಷಿಣವೇ ಅರಿಷಿಣ. ನಾಲ್ಕು ಕಮಲಕ್ಕೂ ಕುಂಕುಮ. ನಡುವೆ ಮೈಲಾರಲಿಂಗ, ಡಬ್ಬಿಯಿಂದ ಬಿಡುಗಡೆಯಾಗಿ, ಚೆಂಡುಹೂ ಮುಡಿದು ಫಳಫಳ ಹೊಳೆಯುತ್ತಿದ್ದ. ಓಣಿಯ ಹೆಂಗಸರು ಅರ್ಧಕ್ಕರ್ಧ ಅಲ್ಲೇ ನೆರೆದಿದ್ದರು.

"ಬರ್ರಿ ಅಳ್ಯಾರ, ಬರ್ರಿ!" ಅತ್ತೆ ನನ್ನ ಹಣೆಗೆ ಬಳಬಳ ಭಂಡಾರ ಬಡಿದರು. "ನೋಡ್ರೆವಾ ನನ್ನ ಅಳ್ಯಾನ್ನ! ನಾ ಇಷ್ಟು ದಿನಾ ಬಡಕೊಂಡೆ, ಹೂಂ ಹೂಂ ಅಂದು ಸುಮ್ಮನಾಗತಿದ್ರು. ಒಳಗೊಳಗ ದೇವರಿಗೆ ಮಣಿ ಮಾಡಿಸ್ಯಾರ. ಶನಿವಾರಕ್ಕೊಮ್ಮೆ ಮಡೀಲೆ ಎಣ್ಣಿ ಹಚ್ಯಾರಂತ. ಒಬ್ಬರನ್ನೂ ಮುಟ್ಟಗೊಟ್ಟಿಲ್ಲ. ಒಂದ ಮಾತು ಬಾಯಿಬಿಟ್ಟು ಹೇಳಿಲ್ಲರೆವಾ, ಒಂದ ಮಾತು!" ಎನ್ನುತ್ತಾ ಅತ್ತುಬಿಟ್ಟರು. ನಾಲ್ಕು ಹೆಂಗಸರು ಅವರೊಡನೆ ಮೂಗು ಒರೆಸಿಕೊಂಡರು.

ನನಗೂ ಅಳು ಬಂತು, ಕಾರಣ ಬೇರೆ.

ಪ್ರಮಿಳಾಳನ್ನು ಮೂಲೆಗೆ ಎಳೆದುಕೊಂಡು ಹೋಗಿ, "ನೀ ಯಾಕ ತಡೀಲಿಲ್ಲ?" ಎಂದು ಹಲ್ಲು ಕಡಿದೆ.

"ನಾ ಸ್ನಾನಕ್ಕ ಹೋಗಿದ್ದೆ. ಬರೂದ್ರಾಗ ದೇವರು ಕುಂತುಬಿಟ್ಟಿದ್ದ. ಕುಂತ ದೇವರನ್ನ ಎಬ್ಬಸಾಕ ನಾ ಯಾರು?" ಅವಳ ಮುಖದಲ್ಲಿ ನಗು ಇತ್ತೋ ಇಲ್ಲವೋ, ಸೆರಗು ಅಡ್ಡ ಇದ್ದುದರಿಂದ ಕಾಣಲಿಲ್ಲ. "ಬೇಕಾರ ನೀವ ಹೇಳ್ರಿ ಅವ್ವಗ. ಇದು ದೇವರಿಗಲ್ಲ, ಉಳ್ಳಾಗಡ್ಡಿಗೆ ಮಾಡಿಸಿದ್ದು ಅಂತ. ಹೇಳ್ರಿ, ಚಾಕೂ ಕೈಯಾಗ ಐತಿ."

ಅತ್ತೆಯ ಕಡೆ ನೋಡಿದೆ. ಮದುವೆಯಾದಂದಿನಿಂದ ಆ ಹೆಣ್ಣುಮಗಳು ನನ್ನನ್ನು ಇಷ್ಟು ಪ್ರೀತಿಯಿಂದ ನೋಡಿರಲಿಲ್ಲ. ಚಾಕುವನ್ನು ಮೆಲ್ಲಗೆ ಬೆನ್ನ ಹಿಂದೆ ಮರೆಮಾಡಿ, ದೇವರಿಗೆ ಅಡ್ಡಬಿದ್ದೆ.

ಎದ್ದಾಗ ಶುಭದಾ ವೈನಿ ಆರತಿ ತಟ್ಟೆ ಹಿಡಿದು ಎದುರಿಗೇ ನಿಂತಿದ್ದರು. "ಭಾವುಜಿ, ಆರತಿ ತಗೋರಿ. ಮತ್ತ ಭಜಿ ಯಾವಾಗ್ರಿ?"

ಪ್ರಮಿಳಾ ಈಳಿಗೆಯನ್ನು ನೆಲಕ್ಕಿಟ್ಟು, ಕಾಲಿನಿಂದ ನನ್ನತ್ತ ಸ್ವಲ್ಪವೇ ಸರಿಸಿದಳು. ಕಲ್ಮೇಶ ಮಾತಾಡಿದರೆ ಮುಗಿಯಿತು ಎಂದಿದ್ದೆನಲ್ಲ? ಮುಗಿಯಿತು. ಓಣಿಯ ಹೆಂಗಸರಿಗೆಲ್ಲ ಸಾಲುವಷ್ಟು ಉಳ್ಳಾಗಡ್ಡಿಯನ್ನು ನೆಲದ ಮೇಲೆ ಕುಳಿತು ಈಳಿಗೆಯಲ್ಲಿ ಹೆಚ್ಚಿದೆ. ನನ್ನ ಕಣ್ಣಿನಿಂದ ನೀರು ಸುರಿಯುವುದನ್ನು ನೋಡಿ ಅತ್ತೆ, "ಇನ್ನೂ ಭಕ್ತಿ ಇಳದಿಲ್ಲ ನೋಡ್ರಿ" ಎಂದು ಎಲ್ಲರಿಗೂ ತೋರಿಸಿದರು.

ಸೋತೆನೆಂದು ತಿಳಿದಿರಾ? ಮರುದಿನವೇ ರಜೆ ಹಾಕಿ ಮತ್ತೆ ಖಾನಾಪುರಕ್ಕೆ ಹೋದೆ! ಈ ಸಲ ನಕ್ಷೆಯ ಕೆಳಗೆ ದಪ್ಪಕ್ಷರದಲ್ಲಿ ಬರೆದಿದ್ದೆ: ಕಮಲ ಬೇಡ.

"ಮಾರ್ತಾಂಡಾ, ಕಮಲ ಬ್ಯಾಡ, ಬಳ್ಳಿ ಬ್ಯಾಡ, ಹಂಸ ಬ್ಯಾಡ. ಬರೇ ಹಲಗಿ!"

"ತಿಳೀತ್ರಿ ಸಾಹೇಬ್ರ. ಒಂದ ಗೆರಿ ಸುದ್ದಾ ಕೆತ್ತಂಗಿಲ್ಲ" ಎಂದು ಆಣೆ ಹಾಕಿದ. ಅದರಂತೆ ಕೆತ್ತಲಿಲ್ಲ. ಆದರೆ ಮಾರ್ತಾಂಡನ ಹೆಸರು ಕೆಡಬಾರದಲ್ಲ? ಹಲಗೆ ಸೊಟ್ಟಗಾಗದಿರಲೆಂದು ಕೆಳಗಡೆ ಎರಡು ಪಟ್ಟಿ ಬಡಿದು ಕೊಟ್ಟಿದ್ದ. ಫುಕಟ್.

ಪೆಟ್ಟು ತಿಂದ ಮೇಲೂ ಬುದ್ಧಿ ಬಾರದಿದ್ದರೆ ಹೇಗೆ? ಈ ಹಲಗೆಗೆ ಎಣ್ಣೆ ಹಚ್ಚಲಿಲ್ಲ. ಕಟ್ಟೆಯ ಮೇಲೆ ಇಡಲಿಲ್ಲ. ಮುಖ್ಯವಾಗಿ, ನಿಲ್ಲಿಸಲಿಲ್ಲ. ನಿಲ್ಲಿಸಿದ್ದಕ್ಕೇ ಅಲ್ಲವೇ ದೇವರು ಬಂದು ಕುಳಿತದ್ದು? ವಾರಪತ್ರಿಕೆಯ ನಿಯಮಗಳನ್ನೆಲ್ಲ ಗಾಳಿಗೆ ತೂರಿ, ಹಿಟ್ಟಿನ ಡಬ್ಬಿಯ ಹಿಂದೆ ನೆಲದ ಮೇಲೆ ಅಂಗಾತ ಮಲಗಿಸಿದೆ. ಅತ್ತೆ ಊರಿಗೆ ಹೋಗುವವರೆಗೆ ಅಲ್ಲೇ ಇರಲಿ, ಆಮೇಲೆ ನನ್ನ ಸೆರೆ ಬಿಟ್ಟಂತೆ ಎಂದು ಲೆಕ್ಕ ಹಾಕಿದ್ದೆ.

ಅತ್ತೆ ಹೋಗಲಿಲ್ಲ. ಅಳಿಯನಲ್ಲಿ ಇಷ್ಟು ಗುಣವಿರುವಾಗ ಯಾಕಾದರೂ ಹೋದಾರು? ಒಂದು ಬೆಳಿಗ್ಗೆ ನಾನು ಈಳಿಗೆಯ ಮುಂದೆ ತಣ್ಣನೆಯ ಫರ್ಶಿಯ ಮೇಲೆ ಕುಳಿತು ಸವತೆಕಾಯಿ ಹೆಚ್ಚುತ್ತಿದ್ದೆ. ಹಿಟ್ಟು ತೆಗೆಯಲು ಬಂದ ಅತ್ತೆ ಡಬ್ಬಿ ಸರಿಸಿದರು.

"ಅಯ್ಯ ನನ ಶಿವನ! ಪ್ರಮಿಳಾ, ಮನಿಯಾಗ ಇಂಥಾ ಛಲೋ ಮಣಿ ಇಟಗೊಂಡು ಗಂಡನ್ನ ಬರೀ ನೆಲದ ಮ್ಯಾಲ ಕುಂದ್ರಿಸಿಯಲ್ಲ, ನಿನಗ ಕರುಳೈತೇನು? ನೋಡು, ಕೆಳಗ ಕಾಲು ಸೈತ ಅದಾವು. ಏಳ್ರಿ ಅಳ್ಯಾರ, ಏಳ್ರಿ. ಹೂಂ, ಈಗ ಕುಂದರ್ರಿ ಇದರ ಮ್ಯಾಲ."

ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಭುಜ ಹಿಡಿದು ಕುಳ್ಳಿರಿಸಿಯೇ ಬಿಟ್ಟರು. ನಾನು ಕುಳಿತ ಹಲಗೆಯ ಮೇಲೆ ಇನ್ನು ಯಾರು ತರಕಾರಿ ಹೆಚ್ಚುತ್ತಾರೆ, ಹೇಳಿ?

"ವೈನಿ ಹತ್ರ ಆ ಪ್ಲಾಸ್ಟಿಕ್ ಹಲಗಿ ಇನ್ನೂ ಇರಬೇಕಲ್ಲ?" ಎಂದು ಪ್ರಮಿಳಾಳನ್ನು ಮೆಲ್ಲಗೆ ಕೇಳಿದೆ.

"ಛೇ ಛೇ, ಚೂರು ಚೂರಾಗಿ ಹೊಟ್ಟಿಗೆ ಹೋಗತೈತಿ ಅಂದಿದ್ರಿ. ನಿಮ್ಮ ಮಾತು ಮೀರತೇನೇನು ನಾನು?" ಅವಳು ಕಟ್ಟೆಗೆ ಆತು ನಿಂತು ಚಹಾ ಕುಡಿಯುತ್ತಿದ್ದಳು. ಮೊಣಕಾಲು ಪೂರ್ತಿ ಆರಾಮಾಗಿತ್ತು. "ಹೆಚ್ಚೂದು ಮುಗದ ಮ್ಯಾಲ ಆ ಮಣಿ ಒರಿಸಿ ನಿಲ್ಲಿಸ್ರಿ. ಮಲಗಿಸಿದ್ರ ಸೊಟ್ಟಗಾಗತೈತಿ."

ನನ್ನ ನಿಯಮ ನನಗೇ! ಆದರೆ ನಿಯಮವೆಂದರೆ ನಿಯಮ. ಸವತೆಕಾಯಿ ಮುಗಿಸಿ ಎದ್ದೆ. ಹಲಗೆ ಒರೆಸಿದೆ. ಗೋಡೆಗೆ ಆನಿಸಿ ನೆಟ್ಟಗೆ ನಿಲ್ಲಿಸಿದೆ. ನಿಲ್ಲಿಸಿ ತಿರುಗಿದರೆ ಪೂಜೆ ಮುಗಿಸಿದ ಅತ್ತೆ ಭಂಡಾರದ ಬಟ್ಟಲು ಹಿಡಿದು ಇತ್ತಲೇ ಬರುತ್ತಿದ್ದಾರೆ! ಅವರ ಕಣ್ಣು ನಿಂತ ಹಲಗೆಯ ಮೇಲೆ ನೆಟ್ಟಿದೆ. ಒಂದು ಬೆರಳು ಆಗಲೇ ಬಟ್ಟಲಿನೊಳಗೆ ಅದ್ದಿದೆ.

ಇದೂ ದೇವರ ಪಾಲಾದರೆ ನನಗೆ ಉಳಿಯುವುದು ಬರೀ ಫರ್ಶಿ. ಹಿಂದೆ ಮುಂದೆ ನೋಡಲಿಲ್ಲ. ಹಲಗೆಯನ್ನು ಧಡಕ್ಕನೆ ಈಳಿಗೆಯ ಮುಂದೆ ಕೆಡವಿ, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟೆ.

ಅತ್ತೆ ಗಕ್ಕನೆ ನಿಂತರು. ಪ್ರಮಿಳಾ ಚಹಾದ ಬಸಿಯನ್ನು ಕೆಳಗಿಟ್ಟಳು.

"ಮತ್ತ ಕುಂತ್ರೇನ್ರಿ? ಛಲೋನ ಆತು" ಎಂದು ಮೆಂತೆಪಲ್ಯದ ಸೂಡುಗಳನ್ನು ನನ್ನ ಮುಂದೆ ಒಂದೊಂದಾಗಿ ಪೇರಿಸಿದಳು. "ಇವನ್ನೂ ಸೋಸಿ ಹೆಚ್ಚಿಬಿಡ್ರಿ. ವೈನೀ ಮನೀದೂ ಐತಿ."